ಚೌಡಮ್ಮನ ಬರಿಗೈ

ಕಳೆದ ಮಂಗಳವಾರ ಬೆಳಿಗ್ಗೆ ರೈಲು ಟೇಕಲ್ ದಾಟುವಷ್ಟರಲ್ಲಿ ನಾನು ಸಾಯಬೇಕಿತ್ತು. ಸಾಯಲಿಲ್ಲ. ಅದಕ್ಕೇ ಈ ವಾರವೂ ಅಂಕಣ ಬಂದಿದೆ.

ಗಾಬರಿ ಬೇಡ, ಸಾವು ಆಟದಲ್ಲಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ದಿನಾ ಓಡಾಡುವ ನಮ್ಮ ಗುಂಪು ಇಸ್ಪೀಟು ಬಿಟ್ಟು ವರ್ಷವಾಯಿತು. ರೈಲು ಹೊರಡುವ ಮಾರಿಕುಪ್ಪಂನಲ್ಲೇ ಹತ್ತುವ ಸೆಲ್ವ ಎಲ್ಲಿಂದಲೋ ಒಂದು ಇಂಗ್ಲಿಷ್ ಆಟದ ಪುಸ್ತಕ ಜೆರಾಕ್ಸ್ ಮಾಡಿಸಿ ತಂದಿದ್ದಾನೆ. ಅವನು ಕತೆ ಹೇಳುತ್ತಾನೆ, ನಾವು ಅದರೊಳಗಿನ ಪಾತ್ರಗಳು. ಟಿಫನ್ ಡಬ್ಬಿಯ ಮುಚ್ಚಳದಲ್ಲಿ ದಾಳ ಹಾಕಿ ಹೊಡೆದಾಡುತ್ತೇವೆ. (ನನ್ನ ಪಾತ್ರದ ಹೆಸರು ಚೌಡಮ್ಮ. ನಗಬೇಡಿ.)

ಕರ್ಚೀಫು ಹಾಕಿ ನಮಗೆಲ್ಲ ಸೀಟು ಹಿಡಿಯುವವನೂ ಸೆಲ್ವನೇ. ಆದ್ದರಿಂದ ಅವನದೇ ಕಾನೂನು: ಆಟದಲ್ಲಿ ಸತ್ತವರು ಹೊಸ ಕತೆ ಶುರುವಾಗುವವರೆಗೆ ಸೀಟು ಬಿಡಬೇಕು. ಅಂದರೆ ಎರಡು ತಿಂಗಳು ನಿಂತೇ ಪ್ರಯಾಣ!

ಅವತ್ತು ಚೌಡಮ್ಮನ ಕತ್ತಿ ಹೊಳೆಗೆ ಬಿತ್ತು. ಎದುರಿಗೆ ಕತ್ತಿ ಹಿರಿದ ಕಾವಲುಗಾರ. ಗುದ್ದುತ್ತೇನೆ ಎಂದೆ.

"ಆಗಲ್ಲಕ್ಕಾ. ಆಯುಧ ಇಲ್ದೋರು ಒಡೆಯಂಗಿಲ್ಲ. ರೂಲು," ಎಂದ ಸೆಲ್ವ.

ಪುಸ್ತಕ ಕಿತ್ತುಕೊಂಡು ಎಲ್ಲರಿಗೂ ಕೇಳುವಂತೆ ಕನ್ನಡ ಮಾಡಿ ಜೋರಾಗಿ ಓದಿದೆ. ಒಂದು ಪುಟದಲ್ಲಿ, ಬರಿಗೈ ಏಟಿಗೆ ಒಂದು ಅಂಕ. ಇನ್ನೊಂದರಲ್ಲಿ, ಬರಿಗೈಯವರು ಹೊಡೆಯುವಂತಿಲ್ಲ, ಹಿಡಿದುಕೊಳ್ಳಬಹುದು. ಯಾವುದು ಸರಿ?

"ನಾನೇಳಿದ್ದೇ ಸರಿ!" ಎಂದ.

ಮೈಯೆಲ್ಲ ಉರಿಯಿತು. ನನ್ನ ಆಫೀಸಿನಲ್ಲೂ ಇದೇ ಅಲ್ಲವೇ? ರೂಲು ಎಲ್ಲೆಲ್ಲಿ ಗೋಜಲಾಗಿದೆಯೋ ಅಲ್ಲೆಲ್ಲ ಅದನ್ನು ಕೈಯಲ್ಲಿ ಏನೂ ಇಲ್ಲದವರ ವಿರುದ್ಧವೇ ಯಾಕೆ ಓದುತ್ತಾರೆ?

ಪಕ್ಕದಲ್ಲಿ ಸೊಪ್ಪಿನ ಗಂಟು ಇಟ್ಟುಕೊಂಡು ಕೂತಿದ್ದವರು ನಮ್ಮೂರು ಕ್ಯಾಸಂಬಳ್ಳಿಯ ಯಲ್ಲಮ್ಮಕ್ಕ. ಮಾರ್ಕೆಟ್ಟಿಗೆ ಹೊರಟವರು ಎಲ್ಲ ಕೇಳಿಸಿಕೊಂಡಿದ್ದರು.

"ಇಡ್ಕೊಬೋದು ಅಂತ ಐತಲ್ಲ, ಇಡ್ಕೋ ಮತ್ತೆ! ಒದೆಯೋ ಅಸೂನ ಸಂಭಾಳಿಸಿ ಆಲು ಕರೆದು ರೈಲಿಗೆ ಬತ್ತೀಯ. ಒಬ್ಬ ಗಂಡಸ್ನ ಇಡ್ಕೊಳಾಕಾಗಲ್ವಾ?"

ದಾಳ ಹಾಕಿದೆ. ಹಿಡಿತ ಸಿಕ್ಕಿತು. ಕಾವಲುಗಾರನ ಎರಡೂ ಕೈ ಚೌಡಮ್ಮನ ಮುಷ್ಟಿಯಲ್ಲಿ.

ಮಾಲೂರು ಬಂತು. "ಸರಿ, ಈಗ ಬಿಡಕ್ಕಾ. ಅವನ ಸರದಿ."

"ಬಿಡಬೇಕು ಅಂತ ಯಾವ ಪುಟದಲ್ಲಿದೆ?"

ಸೆಲ್ವ ಹುಡುಕಿದ. ಹಿಡಿಯಬಹುದು ಎಂದಿದೆ. ಯಾವಾಗ ಬಿಡಬೇಕೆಂದು ಎಲ್ಲೂ ಇಲ್ಲ! ಕಂಟೋನ್ಮೆಂಟ್ ಬರುವವರೆಗೂ ಹಾಳೆ ತಿರುವಿದ. ಯಲ್ಲಮ್ಮಕ್ಕ ಇಳಿಯುವಾಗ ಅವನ ತಲೆ ಸವರಿ, "ಓದ್ಕೊಳಪ್ಪಾ, ಚೆನ್ನಾಗಿ ಓದ್ಕೋ," ಎಂದು ಹೋದರು.

ವಾರವಾಯಿತು. ಕತೆ ಮುಂದಕ್ಕೆ ಹೋಗುತ್ತಿಲ್ಲ ಎಂದು ಉಳಿದವರು ಗೊಣಗುತ್ತಿದ್ದಾರೆ. "ಒಂದು ಸಲ ಸೋತ್ಬಿಡಕ್ಕಾ," ಎಂದು ನಿನ್ನೆ ಸೆಲ್ವ ಬೇಡಿಕೊಂಡ. ಯಾಕೆ ಸೋಲಲಿ? ಪುಸ್ತಕ ಅವನದೇ, ರೂಲೂ ಅವನದೇ.

ಕಾವಲುಗಾರನನ್ನು ನಾನಿನ್ನೂ ಬಿಟ್ಟಿಲ್ಲ. ಕಿಟಕಿ ಪಕ್ಕದ ಸೀಟನ್ನೂ.