ನಡುಗುವ ಕೈಗಳಿಗೊಂದು ತಿಂಡಿ

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೌಟು ಹಿಡಿದು ನಿವೃತ್ತರಾದ ಮೇಲೂ ಬೀದಿಯವರೆಲ್ಲ ಅವರನ್ನು ಗಂಜಿಯಮ್ಮ ಎಂದೇ ಕರೆಯುತ್ತಿದ್ದರು. ಅವರಿಗೆ ಅದರಲ್ಲಿ ಬೇಸರವಿರಲಿಲ್ಲ. ಬಾಯಿರುಚಿ ಕೆಟ್ಟವರಿಗೆ, ಹಲ್ಲಿಲ್ಲದವರಿಗೆ, ತಟ್ಟೆ ಕಂಡರೆ ಗೋಡೆ ಕಡೆ ತಿರುಗಿ ಮಲಗುವವರಿಗೆ ನಾಲ್ಕು ಚಮಚವಾದರೂ ಒಳಗಿಳಿಯುವಂತೆ ಮಾಡುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ.

ಅವರ ಸೊಸೆ ಮಕ್ಕಳಿಗೆ ಈಜು ಕಲಿಸುವವಳು. ಹಿಂದಿನ ವರ್ಷ ಅವಳ ಕೊಳದಲ್ಲಿ ನಡೆದ ಮಕ್ಕಳ ಪಂದ್ಯಾವಳಿಯಲ್ಲಿ ತಿಂಡಿ ಅಂಗಡಿಯವನು ಎಣ್ಣೆ ತೊಟ್ಟಿಕ್ಕುವ ಕರಿದ ತಿಂಡಿ, ಬಣ್ಣದ ಸೋಡಾ ಮಾರಿದ್ದ. ಮಧ್ಯಾಹ್ನದ ಹೊತ್ತಿಗೆ ಮೂವರು ಮಕ್ಕಳು ವಾಂತಿ ಮಾಡಿಕೊಂಡರು, ಒಬ್ಬನಂತೂ ನೀರಿನಲ್ಲೇ. ಕೊಳ ಶುದ್ಧ ಮಾಡುವಷ್ಟರಲ್ಲಿ ಎರಡು ಗಂಟೆ ಹೋಯಿತು. ಹೊರಗಿನ ತಂಡಗಳ ಮುಂದೆ ಮಾನ ಹೋದದ್ದು ಬೇರೆ.

"ಅತ್ತೆ, ಈ ಸಲ ತಿಂಡಿ ಜವಾಬ್ದಾರಿ ನೀವೇ ತಗೊಳ್ಳಿ. ಬೇರೆಯವರನ್ನ ನಂಬೋಕೆ ನಂಗೆ ಧೈರ್ಯ ಇಲ್ಲ," ಎಂದಳು ಸೊಸೆ. "ಏನು ಮಾಡ್ತೀರ?"

"ಈಗ್ಲೇ ಕೇಳ್ಬೇಡ ಕಣೇ. ಮೊದ್ಲು ತಿನ್ನೋರನ್ನ ನೋಡ್ತೀನಿ."

ಒಂದು ವಾರ ದಿನವೂ ಸಂಜೆ ಗಂಜಿಯಮ್ಮ ಕೊಳದ ಪಕ್ಕದ ಬೆಂಚಿನ ಮೇಲೆ ಕೂತರು. ಕ್ಲೋರಿನ್ ವಾಸನೆಗೆ ಕಣ್ಣುರಿಯುತ್ತಿತ್ತು, ಆದರೂ ಏಳಲಿಲ್ಲ. ನೀರಿನಿಂದ ಎದ್ದ ಮಕ್ಕಳ ತುಟಿ ನೀಲಿಗಟ್ಟುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಬ್ರೆಡ್ಡು ಒದ್ದೆ ಬೆರಳಲ್ಲಿ ಹಿಟ್ಟಾಗುತ್ತಿತ್ತು. ಕಾಗದದ ಲೋಟದಲ್ಲಿ ಕೊಟ್ಟ ಹಾಲು ಬಾಯಿಗೆ ಹೋಗುವ ಮೊದಲೇ ಅರ್ಧ ನೆಲಕ್ಕೆ. ಒಬ್ಬರಿಗೆ ಮುಂದಿನ ಸ್ಪರ್ಧೆಗೆ ಹತ್ತು ನಿಮಿಷ, ಇನ್ನೊಬ್ಬರಿಗೆ ಎರಡು ಗಂಟೆ. ಹೊಟ್ಟೆ ತಾಳ ಹಾಕುತ್ತಿದ್ದರೂ ಹೆದರಿಕೆಗೆ ತುತ್ತು ಇಳಿಯದವರೂ ಇದ್ದರು.

ಭಾನುವಾರ ಆರು ಮಕ್ಕಳನ್ನು ಮನೆಗೆ ಕರೆಸಿದರು. ತಮ್ಮ ಕೈಪಳಗಿದ ತರಕಾರಿ ಗಂಜಿಯನ್ನೇ ಮಾಡಿ, ಹಿಡಿಯಿದ್ದ ಲೋಟಗಳಲ್ಲಿ ಬಡಿಸಿದರು. ಮಕ್ಕಳು ಮುಖ ಮುಖ ನೋಡಿಕೊಂಡರು. ಮುಂದಿನ ಹಲ್ಲು ಬಿದ್ದಿದ್ದ ಹುಡುಗಿಯೊಬ್ಬಳು ಕೊನೆಗೆ ಬಾಯಿಬಿಟ್ಟಳು.

"ಅಜ್ಜೀ, ಚೆನ್ನಾಗೇ ಇದೆ. ಆದ್ರೆ ಇದನ್ನ ತಿಂದ್ರೆ ಜ್ವರ ಬಂದಿದೆ ಅನ್ಸುತ್ತೆ."

ಗಂಜಿಯಮ್ಮನಿಗೆ ಅದು ನುಂಗಲಾರದ ತುತ್ತಾಯಿತು. ಮಕ್ಕಳು ಹೋದ ಮೇಲೆ ಪಾತ್ರೆ ತೊಳೆದರು. ಸೊಸೆ ಸಮಾಧಾನಕ್ಕೆ ಬಂದಾಗ ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. "ಆ ಪುಟ್ಟಿ ಹೇಳಿದ್ದು ನಿಜ ಕಣೇ. ಹಸಿವಿಲ್ಲದವರಿಗೆ ಬೇಯ್ಸಿ ಬೇಯ್ಸಿ, ಹಸಿದವರಿಗೆ ಬೇಯ್ಸೋದೇ ಮರೆತಿದ್ದೀನಿ."

ತಣ್ಣೀರಿನಲ್ಲಿ ಪಾತ್ರೆ ತೊಳೆದು ಬೆರಳು ಮರಗಟ್ಟಿದ್ದವು. ಒಲೆಯ ಮೇಲೆ ಮನೆಯೂಟಕ್ಕೆಂದು ಇಟ್ಟಿದ್ದ ಆಲೂಗಡ್ಡೆ ಬೆಂದಿತ್ತು. ಒಂದನ್ನು ತೆಗೆದು, ಸುಡುತ್ತದೆಂದು ಈ ಕೈಯಿಂದ ಆ ಕೈಗೆ ಹಾಕಿಕೊಳ್ಳುತ್ತ ನಿಂತರು. ಬೆರಳಿಗೆ ಜೀವ ಬಂತು. ಆಮೇಲೆ ಅದಕ್ಕಿಷ್ಟು ಉಪ್ಪು ಹಾಕಿ ತಿಂದರು. ಅಷ್ಟೇ, ಯೋಚನೆ ಹೊಳೆಯಿತು.

ಸಣ್ಣ ಸಣ್ಣ ಆಲೂಗಡ್ಡೆ, ಸಿಪ್ಪೆ ಸಮೇತ ಬೇಯಿಸಿ, ಹಂಚಿನ ಮೇಲೆ ಚೂರು ಬೆಣ್ಣೆಯಲ್ಲಿ ಹೊರಳಾಡಿಸಿ, ಉಪ್ಪು, ಮೆಣಸಿನಪುಡಿ ಉದುರಿಸಿ, ದಪ್ಪ ಕಾಗದದ ಪೊಟ್ಟಣದಲ್ಲಿ ಕೊಡುವುದು. ಜೊತೆಗೆ ಅರ್ಧ ಲೋಟ ಟೊಮೆಟೊ ಸೂಪು, ಅರ್ಧ ಬಾಳೆಹಣ್ಣು.

ಈಜು ಕ್ಲಬ್ಬಿನ ಕಾರ್ಯದರ್ಶಿ ಮಾತಿಗೆ ಮುಂಚೆ ಕೆಮ್ಮುವ ಮನುಷ್ಯ. ಪಟ್ಟಿ ನೋಡಿ ಎರಡು ಸಲ ಕೆಮ್ಮಿದರು. "ಆಲೂಗಡ್ಡೆ ಯಾರಮ್ಮಾ ಕೊಳ್ತಾರೆ? ಅದು ಮನೇಲೇ ಇರುತ್ತಲ್ಲ!"

"ಅಮ್ಮನೂ ಮನೇಲೇ ಇರ್ತಾಳೆ ಸಾರ್. ಸೋತು ಬಂದ ಮಗು ಮೊದ್ಲು ಯಾರನ್ನ ಹುಡುಕುತ್ತೆ?"

ಕೆಮ್ಮು ನಿಂತಿತು, ಹಟ ನಿಲ್ಲಲಿಲ್ಲ. ಕೊನೆಗೆ ದೊಡ್ಡವರಿಗೆಂದು ಗೇಟಿನ ಬಳಿ ಚಹಾ, ಕರಿದ ತಿಂಡಿ ಇರಲಿ, ನೀರಿನ ಪಕ್ಕ ಗಂಜಿಯಮ್ಮನದು ಮಾತ್ರ ಎಂದು ತೀರ್ಮಾನವಾಯಿತು.

ಪಂದ್ಯದ ದಿನ ಬೆಳಿಗ್ಗೆ ಜನವೆಲ್ಲ ಗೇಟಿನ ಕಡೆಗೇ ಮುಗಿಬಿತ್ತು. ಗಂಜಿಯಮ್ಮನ ಮೇಜಿನ ಮುಂದೆ ನೊಣವೂ ಇಲ್ಲ. ಹತ್ತು ಗಂಟೆಯವರೆಗೂ ಅವರು ಹಂಚಿನ ಮುಂದೆ ಕೈಕಟ್ಟಿ ನಿಂತಿದ್ದರು.

ಆಗ ಒಂಬತ್ತು ವರ್ಷದೊಳಗಿನವರ ಸ್ಪರ್ಧೆ ಮುಗಿಯಿತು. ಕೊನೆಯವಳಾಗಿ ಬಂದ ಬೇರೆ ತಂಡದ ಪುಟ್ಟ ಹುಡುಗಿಯೊಬ್ಬಳು ಟವೆಲ್ ಸುತ್ತಿಕೊಂಡು, ಬಿಕ್ಕುತ್ತ, ಗಡಗಡ ನಡುಗುತ್ತ ಮೇಜಿನ ಮುಂದೆ ಹಾದುಹೋದಳು. ಗಂಜಿಯಮ್ಮ ಬಗ್ಗಿ ಅವಳ ಎರಡು ಅಂಗೈಗೂ ಒಂದೊಂದು ಪೊಟ್ಟಣ ಇಟ್ಟರು.

"ನಂಗೆ ಬೇಡ," ಎಂದಳು ಹುಡುಗಿ.

"ತಿನ್ನು ಅಂತ ಯಾರು ಹೇಳಿದ್ರು? ಸುಮ್ನೆ ಹಿಡ್ಕೊಂಡಿರು ಪುಟ್ಟಿ, ನಂಗೆ ಇಡೋಕೆ ಜಾಗ ಇಲ್ಲ."

ಹುಡುಗಿ ಹಿಡಿದುಕೊಂಡಳು. ನಡುಕ ನಿಂತಿತು, ಬಿಕ್ಕುವುದೂ ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ಪೊಟ್ಟಣ ಖಾಲಿ. ಇನ್ನೊಂದನ್ನು ತನ್ನ ಗೆಳತಿಗೆ ಕೊಟ್ಟಳು. ಗೆಳತಿ ಅಣ್ಣನನ್ನು ಕರೆತಂದಳು, ಅಣ್ಣ ಇಡೀ ತಂಡವನ್ನೇ. ಹನ್ನೊಂದರ ಹೊತ್ತಿಗೆ ಒದ್ದೆ ತಲೆಗಳ ಸಾಲು ಬಟ್ಟೆ ಬದಲಿಸುವ ಕೋಣೆಯವರೆಗೂ ಬೆಳೆದಿತ್ತು. ಒಂದು ಗಂಟೆಗೆ ಆಲೂಗಡ್ಡೆ ಮುಗಿದು ಗಂಜಿಯಮ್ಮನ ಮಗ ಮಾರುಕಟ್ಟೆಗೆ ಓಡಬೇಕಾಯಿತು.

ಎಲ್ಲವೂ ಗೆದ್ದಿತೆಂದಲ್ಲ. ಸೂಪನ್ನು ಮಕ್ಕಳು ಮೂಸಿಯೂ ನೋಡಲಿಲ್ಲ. "ಇದೊಂದು ನನ್ನ ತಪ್ಪು ಲೆಕ್ಕ," ಎಂದು ಗಂಜಿಯಮ್ಮ ಯಾರೂ ಕೇಳದೆಯೇ ಒಪ್ಪಿಕೊಂಡರು. ಕಾರ್ಯದರ್ಶಿಗಳು ಮಾತ್ರ ಗಂಟಲಿಗೆ ಹಿತವೆಂದು ನಾಲ್ಕು ಲೋಟ ಕುಡಿದರು. ಆ ದಿನ ಒಂದು ಮಗುವೂ ವಾಂತಿ ಮಾಡಿಕೊಳ್ಳಲಿಲ್ಲ, ಒಂದು ಸ್ಪರ್ಧೆಯೂ ತಡವಾಗಲಿಲ್ಲ.

ಮುಂದಿನ ವಾರ ಹೊರಗಿನ ತಂಡದ ತರಬೇತುದಾರ ಫೋನ್ ಮಾಡಿದ. ತಮ್ಮಲ್ಲೂ ಪಂದ್ಯವಿದೆ, ಆಲೂಗಡ್ಡೆ ಮಾಡುವ ವಿಧಾನ ಹೇಳಬೇಕು ಎಂದ. ಸೊಸೆ ಬಾಗಿಲಿಗೊರಗಿ ಕೇಳಿಸಿಕೊಳ್ಳುತ್ತಿದ್ದಳು.

"ಆಲೂಗಡ್ಡೆಗೆ ವಿಧಾನ ಏನಪ್ಪಾ, ಬೇಯ್ಸೋದು ಯಾರಿಗೆ ಬರಲ್ಲ?" ಎಂದರು ಗಂಜಿಯಮ್ಮ. "ಒಂದೇ ನೆನಪಿಟ್ಕೋ. ಮಕ್ಕಳು ನೀರಿಂದ ಏಳೋದನ್ನ ಕಣ್ಣಲ್ಲಿ ನೋಡು, ಆಮೇಲೆ ಹಂಚಿಂದ ತೆಗಿ. ಮೊದಲೇ ತೆಗೆದಿಡಬೇಡ."