ಉದ್ಯಾನದ ನಳಕ್ಕೆ ಬಿದ್ದ ಕೀಲಿ

ರಾಣೆಬೆನ್ನೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ಮಹಿಳೆಯೊಬ್ಬರು ಕಾರ್ಯದರ್ಶಿಯಾಗಿದ್ದರು. ಯಾರು ಯಾರ ಮೇಲೆ ದೂರು ತಂದರೂ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ, “ನಾಳೆ ಮತ್ತ ಒಬ್ಬರ ಮಾರಿ ಒಬ್ಬರು ನೋಡಬೇಕಲ್ರಿ” ಎನ್ನುತ್ತಿದ್ದರು. ಆ ಮಾತು ನನ್ನನ್ನು ಕೆರಳಿಸುತ್ತಿತ್ತು.

ಬೀದಿ ಗುಡಿಸುವ ಹೆಂಗಸರು ನೀರು ಕುಡಿಯುತ್ತಿದ್ದ ಉದ್ಯಾನದ ನಳಕ್ಕೆ, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಸದಸ್ಯರೊಬ್ಬರು ಕೀಲಿ ಜಡಿದರು. ನೀರು ಪೋಲಾಗುತ್ತದೆ ಎಂಬುದು ಅವರ ನೆಪ. ಒಳಗಿದ್ದದ್ದು ಜಾತಿಯ ಮೈಲಿಗೆ. ಹಾಗೆಂದೇ ಅವರ ಹೆಸರು ಸಮೇತ ಬರೆದು, ಸಭೆಯಲ್ಲಿ ಓದಲು ಸಿದ್ಧಳಾದೆ.

ನಾನು ಏಳುವ ಮೊದಲೇ ಕಾರ್ಯದರ್ಶಿ ವ್ಯಾಪಾರಿಯತ್ತ ತಿರುಗಿದರು. “ಕಾಕಾರ, ನೀರು ಪೋಲಾಗಬಾರ್ದು ಅನ್ನೂದು ಖರೇ ಐತಿ. ಕೀಲಿಕೈ ನಿಮ್ಮ ಕಡೇನ ಇರ್ಲಿ. ಆ ಹೆಣ್ಮಕ್ಕಳು ಬಂದಾಗೆಲ್ಲ ನೀವ ತಗದು ಕೊಡ್ರಿ.”

ಎಲ್ಲರೆದುರು ಜವಾಬ್ದಾರಿ ಸಿಕ್ಕ ಹೆಮ್ಮೆಯಲ್ಲಿ ಅವರು ಒಪ್ಪಿದರು. ಮರುದಿನ ಬೆಳಿಗ್ಗೆ ಆರಕ್ಕೇ ಅವರ ಬಾಗಿಲಲ್ಲಿ ಕೂಗು: “ಸಾವ್ಕಾರ್ರ, ನಳಾ ತಗೀರಿ!” ಎಂಟಕ್ಕೆ ಮತ್ತೆ, ಹತ್ತಕ್ಕೆ ಮತ್ತೆ. ಐದನೆಯ ದಿನ ಬನಿಯನ್ನಿನಲ್ಲೇ ಬಂದು ಕೀಲಿಯನ್ನು ಬಿಚ್ಚಿ ತೆಗೆದರು.

“ಇನ್ನ ನೀವ ತಿರುವಿಕೊಳ್ರಿ. ಬಂದ್ ಮಾಡೂದು ಮರೀಬ್ಯಾಡ್ರಿ.”

“ನಿಮ್ಮ ನಿದ್ದಿ ಕೆಡಸಿದ್ವಿ ನೋಡ್ರಿ,” ಎಂದು ಒಬ್ಬಾಕೆ ನಕ್ಕಳು.

ವ್ಯಾಪಾರಿ ಕ್ಷಮೆ ಕೇಳಲಿಲ್ಲ. ಕೇಳಬೇಕಿತ್ತೆಂದು ಇಂದಿಗೂ ನಂಬಿದ್ದೇನೆ. ಬದಲಿಗೆ, ನಳವನ್ನು ಎಲ್ಲರಿಗೂ ತೆರೆದುಕೊಟ್ಟಿದ್ದಕ್ಕಾಗಿ ಕಾರ್ಯದರ್ಶಿ ಮುಂದಿನ ಸಭೆಯಲ್ಲಿ ಅವರಿಗೇ ಶಾಲು ಹೊದಿಸಿದರು. ಆ ಹೆಂಗಸರು ಬೊಗಸೆಯೊಡ್ಡಿ ಹೊಟ್ಟೆ ತುಂಬ ನೀರು ಕುಡಿಯುವುದನ್ನು ಅಂದು ಬೆಳಿಗ್ಗೆಯಷ್ಟೇ ನೋಡಿ ಬಂದಿದ್ದ ನಾನು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.