ವರ್ಲೀನ್ ರದ್ದು ಮಾಡಿಸಿದ ಪತ್ರ

ಕನ್ಸಾಸಿನ ಗೋಧಿ ಸೀಮೆಯ ಸಣ್ಣ ಊರೊಂದರಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ವರ್ಲೀನ್ ಸ್ಟಕಿ. ಮಕ್ಕಳು ಸೀಟಿನ ಮೇಲೆ ಮಾಡಿದ ವಾಂತಿಯನ್ನು ಮೂಗು ಕೂಡ ಮುಚ್ಚಿಕೊಳ್ಳದೆ ಒರೆಸಿದವಳು. ಅಂಥವಳಿಗೆ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ತನ್ನದೇ ಅಡುಗೆಮನೆಯಲ್ಲಿ ಹೊಟ್ಟೆ ತೊಳಸಿ ಬಂತು.

ಗಂಡ ಆರ್ವಲ್ ಹೋದ ಮೇಲೆ, ಮಕ್ಕಳಿಲ್ಲದ ಅವಳು ತೀರಿಹೋದ ತಮ್ಮನ ಒಬ್ಬಳೇ ಮಗಳು ಟ್ರೀನಾಳ ಹೆಸರಿಗೆ ಪತ್ರ ಬರೆದುಕೊಟ್ಟಿದ್ದಳು. ತಾನಿರುವ ತನಕ ಮನೆ ತನ್ನದು, ಸತ್ತ ಕ್ಷಣದಿಂದ ಅವಳದು. ಆ ದಿನ ಟ್ರೀನಾ ಅಪ್ಪಿಕೊಂಡು ಅತ್ತಿದ್ದಳು.

ಈ ಮಾರ್ಚಿನಲ್ಲಿ ವರ್ಲೀನ್ ಜಾರಿಬಿದ್ದು ಸೊಂಟ ಮುರಿದುಕೊಂಡಳು. ಮೂರು ವಾರ ಆಸ್ಪತ್ರೆ. ‘ಮನೆ ನಾವು ನೋಡ್ಕೋತೀವಿ ಅತ್ತೆ’ ಎಂದಿದ್ದಳು ಟ್ರೀನಾ. ಆಸ್ಪತ್ರೆಯವರು ಹೇಳಿದ್ದಕ್ಕಿಂತ ಎರಡು ದಿನ ಮೊದಲೇ ಮನೆಗೆ ಕಳಿಸಿದರು. ಪಕ್ಕದ ಮನೆಯ ಲೊರೇಟಾ ಕಾರಿನಲ್ಲಿ ಕರೆತಂದಳು.

ಹಿಂಬಾಗಿಲಿನಿಂದ ಒಳಗೆ ಬಂದರೆ, ಟ್ರೀನಾಳ ಗಂಡ ಡ್ವೈನ್, ಆರ್ವಲ್‌ನ ನಿಲುವಂಗಿ ತೊಟ್ಟು, ಊಟದ ಮೇಜಿನ ಮೇಲೆ ಕಾಲಿಟ್ಟು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಹಳದಿ ಚೂರುಗಳು ಬೆಣ್ಣೆ ತಟ್ಟೆಯ ಪಕ್ಕಕ್ಕೇ ಸಿಡಿದಿದ್ದವು. ವರ್ಲೀನ್ ಬಾಟಲಿಗೆ ತುಂಬಿಟ್ಟಿದ್ದ ಪೀಚ್ ಹಣ್ಣು ತಿಂದು ಮುಗಿಸಿ, ಅದೇ ಬಾಟಲಿಗೆ ಹೊಗೆಸೊಪ್ಪು ಉಗಿದು ಅರ್ಧ ತುಂಬಿಸಿದ್ದ. ಕಪಾಟು, ಕುರ್ಚಿ, ದೀಪ ಎಲ್ಲಕ್ಕೂ ಬಣ್ಣದ ಚೀಟಿ.

“ಇದೇನೋ ಇದು?”

“ಹಸಿರು ಇಟ್ಕೊಳ್ಳೋದು, ಕೆಂಪು ಬಿಸಾಕೋದು ಅತ್ತೆ,” ಎನ್ನುತ್ತ ಟ್ರೀನಾ ಒಳಗಿನಿಂದ ಬಂದಳು. ಮುಖದಲ್ಲಿ ಅಳುಕು ಅನ್ನುವುದೇ ಇರಲಿಲ್ಲ. “ಹೇಗೂ ಒಂದಿನ ನಮ್ದೇ ಅಲ್ವಾ?”

“ನೀವು ವಾಪಸ್ ಬರೋದು ಡೌಟು ಅಂದ್ಕೊಂಡಿದ್ವಿ,” ಎಂದು ಡ್ವೈನ್ ಹಲ್ಲು ಕಿರಿದ.

ಕೋಣೆಯಲ್ಲಿ ವರ್ಲೀನ್ ಮಲಗುವ ಹಾಸಿಗೆಗೆ ಕೆಂಪು ಚೀಟಿ ಅಂಟಿತ್ತು.

“ಕಾಲು ಇಳಿಸು. ಆ ಅಂಗಿ ಬಿಚ್ಚಿಟ್ಟು ಇಬ್ರೂ ಆಚೆ ನಡೀರಿ,” ಎಂದಳು ವರ್ಲೀನ್.

ಅವರು ಹೋದ ಮೇಲೆ ಆ ನಿಲುವಂಗಿಯನ್ನು ಒಗೆದು ಇಟ್ಟುಕೊಳ್ಳಲೂ ಅವಳಿಗೆ ಮನಸ್ಸು ಬರಲಿಲ್ಲ. ಲೊರೇಟಾಳ ಕೈಲಿ ಹಿತ್ತಲಲ್ಲಿ ಸುಡಿಸಿದಳು.

ಸೋಮವಾರ ವಾಕರ್ ಊರಿಕೊಂಡು ಲೊರೇಟಾಳ ಜೊತೆ ನೋಂದಣಿ ಕಚೇರಿಗೆ ಹೋದಳು. “ಇದನ್ನ ಇಲ್ಲೇ ಹರಿದುಬಿಡ್ಲಾ?” ಎಂದು ಪತ್ರದ ಪ್ರತಿ ಹಿಡಿದಳು.

“ಹರಿದ್ರೆ ಏನೂ ಆಗಲ್ಲಮ್ಮ,” ಎಂದಳು ಗುಮಾಸ್ತೆ. “ವಿಲ್‌ನಲ್ಲಿ ಬರೆದ್ರೂ ನಡಿಯಲ್ಲ. ರದ್ದು ಪತ್ರಕ್ಕೆ ನೋಟರಿ ಮುಂದೆ ಸೈನ್ ಹಾಕಿ, ನೀವು ಬದುಕಿರೋವಾಗ್ಲೇ ಇಲ್ಲಿ ನೋಂದಾಯಿಸ್ಬೇಕು.”

“ಟ್ರೀನಾಳ ಒಪ್ಪಿಗೆ?”

“ಬೇಡ. ತಿಳಿಸೋದೂ ಬೇಡ. ಆದ್ರೆ ಬೇರೆಯವರ ಹೆಸರು ಹಾಕದಿದ್ರೆ ಮನೆ ಮತ್ತೆ ಹತ್ತಿರದ ಸಂಬಂಧಿಗೇ ಹೋಗುತ್ತೆ.”

ವರ್ಲೀನ್ ಲೊರೇಟಾಳ ಕಡೆ ತಿರುಗಿದಳು. ಅವಳು ಎರಡೂ ಕೈ ಅಡ್ಡ ಹಿಡಿದಳು. “ನನ್ನ ಬಿಟ್ಬಿಡೇ ಮಾರಾಯ್ತಿ. ನೀನು ಕೆಮ್ಮಿದಾಗೆಲ್ಲ ನಾನು ಲೆಕ್ಕ ಹಾಕೋ ಹಾಗಾಗೋದು ಬೇಡ.”

ಕೊನೆಗೆ, ಬಿದ್ದ ದಿನ ತನ್ನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋಗಿದ್ದ ಊರಿನ ಅಗ್ನಿಶಾಮಕ ದಳಕ್ಕೆ ಮನೆ ಬರೆದಳು. ರದ್ದು ಪತ್ರಕ್ಕೂ ಹೊಸದಕ್ಕೂ ಅಂದೇ ಮೊಹರು ಬಿತ್ತು.

ಸುದ್ದಿ ಟ್ರೀನಾಳ ಕಿವಿಗೆ ಬಿದ್ದದ್ದು ಜೂನ್‌ನಲ್ಲಿ. ಕೋಳಿಮಾಂಸ, ಚೀಸ್ ಹಾಕಿ ಬೇಯಿಸಿದ ಅಡುಗೆ ಹಿಡಿದು ಓಡಿಬಂದಳು. “ಅತ್ತೆ, ನಿಮ್ಮ ರಕ್ತಾನೇ ನಿಮಗೆ ಬೇಡ್ವಾ?”

“ಪಾತ್ರೆ ಅಲ್ಲಿಟ್ಟು ಹೋಗು.”

ಅವಳು ಹೋದ ಮೇಲೆ, ಮುಚ್ಚಳ ಕೂಡ ತೆಗೆಯದೆ, ಆ ಅಡುಗೆಯನ್ನು ವರ್ಲೀನ್ ಪಾತ್ರೆ ಸಮೇತ ಕಸದ ಡಬ್ಬಿಗೆ ಹಾಕಿದಳು.

“ಅಯ್ಯೋ, ಒಳ್ಳೇ ಪಾತ್ರೆ ಕಣೇ!” ಎಂದಳು ಲೊರೇಟಾ.

“ಬೇಕಿದ್ರೆ ಬಂದು ಹುಡುಕ್ಕೊಳ್ಳಲಿ.”

ಟ್ರೀನಾ ಮತ್ತೆ ಆ ಕಡೆ ಸುಳಿಯಲಿಲ್ಲ.